ಗಂಡು ಮಕ್ಕಳ ಹತ್ರ ಈ ಮಾತು ಹೇಗೆ ಎತ್ತೋದು? – ಆಪ್ತಸಮಾಲೋಚಕಿಗೆ ನಿಮ್ಮ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲು ಮತ್ತು ಪಿಯು ಮಕ್ಕಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ. ಹೆಣ್ಣು ಮಕ್ಕಳಿಗೆ "ಹುಷಾರಾಗಿರು, ಕತ್ತಲಾಗೋ ಮುಂಚೆ ಮನೆಗೆ ಬಾ" ಅಂತ ಹೇಳುವುದು ನಮಗೆಲ್ಲ ಬಾಯಿಪಾಠ. ಗಂಡು ಮಕ್ಕಳಿಗೆ ಏನು ಹೇಳುತ್ತೀರಿ ಅಂತ ಕೇಳಿದರೆ ಅಪ್ಪ ಅಮ್ಮನ ಮುಖ ನೋಡುತ್ತಾರೆ, ಅಮ್ಮ ಮೇಷ್ಟ್ರ ಮುಖ ನೋಡುತ್ತಾರೆ. ಹುಡುಗಿಯರಿಗೆ ಕಿರುಕುಳ ಕೊಡಬಾರದು, ಅವರ ಒಪ್ಪಿಗೆಗೆ ಬೆಲೆ ಕೊಡಬೇಕು ಅಂತ ಗಂಡು ಮಕ್ಕಳಿಗೆ ಹೇಗೆ ಹೇಳುವುದು, ಈ ವಾರ ಅದರ ಬಗ್ಗೆಯೇ ಕೇಳಿ. ಹೆಸರು ಬೇಡ ಅಂದವರ ಹೆಸರು ಹಾಕಿಲ್ಲ. ಮಕ್ಕಳ ಹೆಸರು, ಶಾಲೆ ಹೆಸರು ಮಾತ್ರ ದಯವಿಟ್ಟು ಯಾರೂ ಬರೆಯಬೇಡಿ.

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ): ಮಗ ಒಂಬತ್ತನೇ ಕ್ಲಾಸು. ಅವನ ಫೋನಲ್ಲಿ ಕ್ಲಾಸಿನ ಹುಡುಗರ ವಾಟ್ಸಾಪ್ ಗ್ರೂಪ್ ನೋಡಿದೆ. ಹುಡುಗಿಯರ ಹೆಸರು ಪಟ್ಟಿ ಮಾಡಿ, ಅವರ ಮೈ ಬಗ್ಗೆ ಅಸಹ್ಯವಾಗಿ ಬರೆದು, ಮಾರ್ಕ್ಸ್ ಕೊಟ್ಟಿದ್ದಾರೆ. ನನ್ನ ಮಗ ಏನೂ ಬರೆದಿಲ್ಲ. ಆದರೆ ನಗುವ ಎಮೋಜಿ ಹಾಕಿದ್ದಾನೆ. ಅವರಪ್ಪನಿಗೆ ಹೇಳಿದರೆ ಬೆಲ್ಟ್ ತೆಗೆಯುತ್ತಾರೆ. ಹೇಳದೆ ಇರೋಕೂ ಆಗ್ತಿಲ್ಲ. ಏನು ಮಾಡಲಿ?

ಉತ್ತರ: ಬೆಲ್ಟ್ ಬೇಡವೇ ಬೇಡ. ಬಲ ಇದ್ದವರು ಇಲ್ಲದವರ ಮೇಲೆ ಏನು ಬೇಕಾದರೂ ಮಾಡಬಹುದು ಅನ್ನುವ ಪಾಠವನ್ನೇ ಅವನು ಬಿಡಬೇಕಾಗಿರುವುದು. ಅದನ್ನೇ ಮನೆಯಲ್ಲಿ ಮತ್ತೆ ಕಲಿಸಬೇಡಿ. ಫೋನ್ ಕಿತ್ತುಕೊಂಡರೂ ದೊಡ್ಡ ಪ್ರಯೋಜನವಿಲ್ಲ. ವಾಪಸ್ ಕೊಟ್ಟ ದಿನ ಲಾಕ್ ಬದಲಾಯಿಸುತ್ತಾನೆ, ಅಷ್ಟೇ.

ನಿಮ್ಮ ಮಗ ನಿಂತಿರುವ ಜಾಗ ಗಮನಿಸಿ. ಪಟ್ಟಿ ಬರೆದವನು ಅವನಲ್ಲ, ತಡೆದವನೂ ಅಲ್ಲ. ಈ ವಯಸ್ಸಿನ ಬಹಳಷ್ಟು ಹುಡುಗರು ಅಲ್ಲೇ ನಿಂತಿರುತ್ತಾರೆ. ಒಳಗೊಳಗೆ ಇಷ್ಟವಿರುವುದಿಲ್ಲ. ಸುಮ್ಮನಿದ್ದರೆ "ಏನೋ, ದೊಡ್ಡ ಸನ್ಯಾಸಿ" ಅಂತ ಆಡಿಕೊಳ್ಳುತ್ತಾರೆ ಅನ್ನುವ ಭಯಕ್ಕೆ ನಗುತ್ತಾರೆ. ಬರೆದವನಿಗೆ ಮಾತ್ರ ಆ ನಗು ಇಡೀ ಕ್ಲಾಸಿನ ಒಪ್ಪಿಗೆ ತರ ಕಾಣುತ್ತದೆ, ನಾಳೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ನಾನು ಹುಡುಗರ ಜೊತೆ ಕೆಲಸ ಶುರು ಮಾಡುವುದೇ ಈ ನಗುವವರಿಂದ. ಕೆಟ್ಟ ಕೆಲಸ ಮಾಡುವವರು ಒಬ್ಬಿಬ್ಬರು. ನೋಡುತ್ತಾ ನಿಲ್ಲುವವರೇ ಜಾಸ್ತಿ. ಅವರು ನಗುವುದು ನಿಲ್ಲಿಸಿದರೆ ಆ ಒಬ್ಬಿಬ್ಬರಿಗೆ ಮಜಾ ಹೋಗುತ್ತದೆ.

ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಸ್ಕೂಟರಲ್ಲಿ ಹೋಗುವಾಗಲೋ, ಬಟ್ಟೆ ಮಡಚುವಾಗಲೋ ಹೇಳಿ. ಮುಖ ನೋಡದೆ ಮಾತಾಡುವುದು ಹುಡುಗರಿಗೆ ಸುಲಭ. "ಆ ಗ್ರೂಪ್ ನೋಡಿದೆ ಕಣೋ. ನೀನು ಬರೆದಿಲ್ಲ ಅಂತ ಗೊತ್ತು. ನಕ್ಕಿದ್ದು ನೋಡಿ ಬೇಜಾರಾಯ್ತು. ಆ ಹುಡುಗಿ ನಾಳೆ ಇದನ್ನ ನೋಡಿದ್ರೆ, ಯಾರ್ಯಾರು ನಕ್ಕಿದ್ದಾರೆ ಅಂತಾನೂ ನೋಡ್ತಾಳೆ ಅಲ್ವಾ?" ಇಷ್ಟು ಹೇಳಿ ಸುಮ್ಮನಾಗಿ. ಅವನು ಬಾಯಿ ಬಿಡುವವರೆಗೆ ಕಾಯಿರಿ, ಅದು ಮಾರನೇ ದಿನವಾದರೂ ಸರಿ.

"ನಿನ್ನ ಅಕ್ಕಂಗೇ ಹೀಗೆ ಮಾಡಿದ್ರೆ?" ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ನನಗೆ ಆ ಮಾತು ಇಷ್ಟವಿಲ್ಲ. ಯಾರದೋ ಅಕ್ಕ, ಯಾರದೋ ಮಗಳು ಅನ್ನುವ ಕಾರಣಕ್ಕೆ ಅವಳಿಗೆ ಮರ್ಯಾದೆ ಸಿಗಬೇಕಾಗಿಲ್ಲ. ಇನ್ನೂ ಒಂದು ತೊಂದರೆ ಇದೆ. ಅಕ್ಕನನ್ನು ಕಾಯುವುದು ನನ್ನ ಕೆಲಸ ಅಂದುಕೊಂಡ ಹುಡುಗ, ಅವಳು ಯಾರ ಜೊತೆ ಮಾತಾಡಬೇಕು ಅನ್ನುವುದನ್ನೂ ತಾನೇ ತೀರ್ಮಾನಿಸಲು ಹೊರಡುತ್ತಾನೆ.

ಮುಂದೆ ಏನು ಮಾಡಬೇಕು ಅಂತ ಅವನನ್ನೇ ಕೇಳಿ. ಗ್ರೂಪಲ್ಲಿ ಎದ್ದು ನಿಂತು ಭಾಷಣ ಮಾಡು ಅಂದರೆ ಯಾವ ಹುಡುಗನೂ ಮಾಡುವುದಿಲ್ಲ. ಪಟ್ಟಿ ಬರೆದವನಿಗೆ ಬೇರೆಯಾಗಿ ಒಂದು ಮೆಸೇಜ್ ಹಾಕಬಹುದು: "ಮಗಾ, ಅದು ಚೆನ್ನಾಗಿಲ್ಲ, ತೆಗಿ." ತನ್ನ ಎಮೋಜಿಯನ್ನು ವಾಪಸ್ ತೆಗೆಯಬಹುದು. ತನ್ನ ತರಾನೇ ಮುಜುಗರಪಟ್ಟ ಇನ್ನೊಬ್ಬನನ್ನು ಜೊತೆ ಮಾಡಿಕೊಳ್ಳಬಹುದು. ಕ್ಲಾಸ್ ಟೀಚರಿಗೆ ಹೇಳಬಹುದು. ಇದರಲ್ಲಿ ಅವನ ಕೈಲಾಗುವುದು ಒಂದನ್ನು ಮಾಡಲಿ.

ಅದೇ ತಾಯಿ: ಇನ್ನೊಂದು ವಿಷಯ ಮೇಡಂ. ಒಬ್ಬ ಹುಡುಗಿಯ ಮುಖ ತೆಗೆದು ಯಾವುದೋ ಬೆತ್ತಲೆ ಫೋಟೋಗೆ ಅಂಟಿಸಿ ಹಾಕಿದ್ದಾರೆ. ಸ್ಕ್ರೀನ್‌ಶಾಟ್ ತೆಗೆದು ಅವಳ ಅಮ್ಮನಿಗೆ ಕಳಿಸಲಾ?

ಉತ್ತರ: ಬೇಡ. ಖಂಡಿತ ಕಳಿಸಬೇಡಿ. ಈಗ ಇದು ಮನೆಯಲ್ಲಿ ಮಾತಾಡಿ ಮುಗಿಸುವ ವಿಷಯವಲ್ಲ.

18 ವರ್ಷ ತುಂಬದವರ ಇಂಥ ಚಿತ್ರವನ್ನು ಹಂಚುವುದು ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ಮೊದಲ ಸಲವೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಎಡಿಟ್ ಮಾಡಿದ ಚಿತ್ರಗಳನ್ನೂ ಒಳಗೆ ಸೇರಿಸಿದೆ. ಇಂಥದ್ದನ್ನು ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಅಂತ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೂ ಆ ಚಿತ್ರ ಇನ್ನೊಂದು ಫೋನಿಗೆ ಹೋದಂತೆ ಆಗುತ್ತದೆ.

ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಗ್ರೂಪಲ್ಲಿ ಹಾಕಿದರು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಥವಾ ಠಾಣೆಗೆ ಹೋಗಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲಿನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಫೋನಲ್ಲಿರುವ ಚಿತ್ರವನ್ನು ಏನು ಮಾಡಬೇಕು ಅಂತ ಅವರನ್ನೇ ಕೇಳಿ. ಹುಡುಗಿಯ ಅಮ್ಮನಿಗೆ ಎದುರೇ ಸಿಕ್ಕಿ ಹೇಳಿ, ಚಿತ್ರ ತೋರಿಸಬೇಡಿ. "ನಿಮ್ಮ ಮಗಳ ತಪ್ಪು ಏನೂ ಇಲ್ಲ" ಅನ್ನುವ ಮಾತನ್ನು ಮೊದಲು ಹೇಳಿ. ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಹುಡುಗಿಯ ಓದನ್ನೇ ಬಿಡಿಸಿಬಿಡುತ್ತಾರೆ.

ನಿಮ್ಮ ಮಗನಿಗೂ ಇದನ್ನೆಲ್ಲ ಮುಚ್ಚಿಡದೆ ಹೇಳಿ. ಅವನ ಬೆನ್ನ ಹಿಂದೆ ಮಾಡಿದರೆ ಮುಂದೆ ಅವನು ನಿಮ್ಮ ಹತ್ತಿರ ಏನೂ ಹೇಳುವುದಿಲ್ಲ.

ಪ್ರಶ್ನೆ (ದೈಹಿಕ ಶಿಕ್ಷಕರು, ಗದಗ ಜಿಲ್ಲೆ): ಮೇಡಂ ನಮಸ್ಕಾರ್ರೀ. ನಾನು ಹೈಸ್ಕೂಲಿನಲ್ಲಿ ಹುಡುಗರ ಕಬಡ್ಡಿ ತಂಡ ನೋಡಿಕೊಳ್ಳುತ್ತೇನೆ. ನನ್ನ ಮಾತು ಕೇಳ್ತಾರ. ಮನಿಯವರ ಮಾತು ಕೇಳಂಗಿಲ್ಲ. ನನಗೆ ಲೈಂಗಿಕ ಶಿಕ್ಷಣದ ಕ್ಲಾಸ್ ತೊಗೊಳ್ಳಾಕ ಬರಂಗಿಲ್ಲ, ಮುಜುಗರ ಆಗ್ತದ. ಪ್ರಾಕ್ಟೀಸ್ ಮುಂಚೆ ಹತ್ತು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಏನಾದರೂ ಮಾಡಬಹುದಾ? ಇನ್ನೊಂದು: ಸೋತಾಗ "ಬಳಿ ತೊಟ್ಕೊಂಡು ಕೂಡ್ರಿ" ಅಂತ ನಮ್ಮಲ್ಲಿ ಎಲ್ಲ ಕೋಚ್‌ಗಳೂ ಅಂತಾರ. ಅದೂ ತಪ್ಪಾ?

ಉತ್ತರ: ಸರ್, ನೀವು ಕ್ಲಾಸ್ ತೆಗೆದುಕೊಳ್ಳುವುದೇ ಬೇಡ. ಆ ಹತ್ತು ನಿಮಿಷ ಸಾಕು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಅಮೆರಿಕದಲ್ಲಿ "ಕೋಚಿಂಗ್ ಬಾಯ್ಸ್ ಇನ್‌ಟು ಮೆನ್" ಅನ್ನುವ ಕಾರ್ಯಕ್ರಮ ಇದೆ. ಶಾಲಾ ತಂಡದ ಕೋಚ್ ವಾರಕ್ಕೊಮ್ಮೆ, ಪ್ರಾಕ್ಟೀಸಿನ ಹೊತ್ತಲ್ಲಿ ಹತ್ತು ಹದಿನೈದು ನಿಮಿಷ ಮಾತಾಡುವುದು. ಒಂದು ಸೀಸನ್ ಪೂರ್ತಿ ಹೀಗೆ. ಒಂದು ವಾರ ಬೈಗುಳದ ಬಗ್ಗೆ, ಇನ್ನೊಂದು ವಾರ ಫೋನಲ್ಲಿ ಮಾಡುವ ಕಿರುಕುಳದ ಬಗ್ಗೆ, ಮತ್ತೊಂದು ವಾರ ಒಪ್ಪಿಗೆ ಅಂದರೇನು ಅಂತ. ಎಲಿಜಬೆತ್ ಮಿಲ್ಲರ್ ಅನ್ನುವ ಮಕ್ಕಳ ವೈದ್ಯೆ ಮತ್ತು ಜೊತೆಗಾರರು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ 16 ಹೈಸ್ಕೂಲುಗಳ ಸುಮಾರು 2000 ಆಟಗಾರರ ಮೇಲೆ ಇದನ್ನು ಪರೀಕ್ಷಿಸಿದರು. ಸೀಸನ್ ಮುಗಿಯುವ ಹೊತ್ತಿಗೆ, ಗೆಳೆಯರು ತಪ್ಪು ಮಾಡುವಾಗ ತಡೆಯುವುದು ಈ ಹುಡುಗರಲ್ಲಿ ಹೆಚ್ಚಾಗಿತ್ತು. ಒಂದು ವರ್ಷದ ಮೇಲೆ ಕೇಳಿದಾಗ, ಗೆಳತಿಯರ ಮೇಲೆ ದೌರ್ಜನ್ಯ ಮಾಡುವುದು ಈ ಕಾರ್ಯಕ್ರಮ ನಡೆಯದ ಶಾಲೆಗಳ ಹುಡುಗರಿಗಿಂತ ಕಡಿಮೆ ಇತ್ತು. ಇದನ್ನೇ ನಮ್ಮ ಮುಂಬೈಗೆ ತಂದು ಕ್ರಿಕೆಟ್ ಕೋಚ್‌ಗಳ ಕೈಲಿ ಮಾಡಿಸಿದರು, ಹೆಸರು "ಪರಿವರ್ತನ್". ಅಲ್ಲಿ ಹುಡುಗಿಯರ ಬಗ್ಗೆ ಹುಡುಗರ ಮನೋಭಾವ ಸುಧಾರಿಸಿತು.

ಕೋಚ್ ಯಾಕೆ? ನೀವೇ ಹೇಳಿದಿರಲ್ಲ, ನಿಮ್ಮ ಮಾತು ಕೇಳುತ್ತಾರೆ. ನನ್ನಂಥವಳು ಬಂದು ಒಂದು ಗಂಟೆ ಮಾತಾಡಿ ಹೋದರೆ ಚಪ್ಪಾಳೆ ತಟ್ಟಿ ಮರೆಯುತ್ತಾರೆ. ನೀವು ದಿನಾ ಸಿಗುತ್ತೀರಿ. ತಂಡಕ್ಕೆ ಯಾರನ್ನು ತೆಗೆದುಕೊಳ್ಳಬೇಕು ಅನ್ನುವುದೂ ನಿಮ್ಮ ಕೈಲಿದೆ.

ಬಳೆ ಮಾತು ಬಿಡಿ ಸರ್. ಹುಡುಗಿಯಾಗುವುದೇ ಸೋಲು ಅಂತ ಮೈದಾನದಲ್ಲಿ ಕೇಳಿ ಬೆಳೆದವನಿಗೆ, ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಹುಡುಗಿಗೆ ಮರ್ಯಾದೆ ಕೊಡು ಅಂದರೆ ಎಲ್ಲಿ ಹೋಗುತ್ತದೆ? "ಕಾಲು ನಿಧಾನ ಆಯ್ತು, ಕ್ಯಾಚ್ ಸಡಿಲ ಆಯ್ತು" ಅಂತ ಆಟದ ತಪ್ಪನ್ನೇ ಹೇಳಿ ಬೈಯಿರಿ. ಅದು ಹೆಚ್ಚು ಉಪಯೋಗಕ್ಕೂ ಬರುತ್ತದೆ.

ಮೊದಲ ವಾರ ಹೀಗೆ ಮಾಡಿ. ಗುಂಡಾಗಿ ನಿಲ್ಲಿಸಿ. "ಬಸ್ ಸ್ಟ್ಯಾಂಡಲ್ಲಿ ನಮ್ಮ ತಂಡದವನೊಬ್ಬ ಹುಡುಗಿಯನ್ನ ಚುಡಾಯಿಸ್ತಿದ್ದಾನೆ. ನೀವು ಮೂರು ಜನ ಪಕ್ಕದಲ್ಲಿದ್ದೀರಿ. ಏನು ಮಾಡ್ತೀರಿ?" ಅಂತ ಕೇಳಿ. ಒಬ್ಬ ನಗುತ್ತಾನೆ, ಇನ್ನೊಬ್ಬ "ಹೊಡೀತೀವಿ ಸರ್" ಅನ್ನುತ್ತಾನೆ. ಹೊಡೆಯದೆ ಏನು ಮಾಡಬಹುದು ಅಂತ ಕೇಳಿ. ಅಲ್ಲಿಂದ ನಿಜವಾದ ಮಾತು ಶುರುವಾಗುತ್ತದೆ. "ಬಾರಲೇ, ಬಸ್ ಬಂತು" ಅಂತ ಗೆಳೆಯನ ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡು ಹೋಗುವುದೂ ತಡೆಯುವುದೇ. ಎಷ್ಟೋ ಸಲ ಅಷ್ಟು ಸಾಕು.

ಒಪ್ಪಿಗೆಯ ಬಗ್ಗೆ ಹೇಳಲು ನಿಮ್ಮ ಆಟವೇ ಇದೆ. ಕಬಡ್ಡಿಯಲ್ಲಿ ಹಿಡಿಯುತ್ತೀರಿ, ಎಳೆಯುತ್ತೀರಿ, ಮೈ ಮೇಲೆ ಬೀಳುತ್ತೀರಿ. ಎದುರಿನವನು ಗೊತ್ತಿದ್ದೇ ಅಂಕಣಕ್ಕೆ ಬಂದಿದ್ದಾನೆ, ಗೆರೆ ಇದೆ, ಸೀಟಿ ಊದಿದ ತಕ್ಷಣ ಕೈ ಬಿಡಬೇಕು. ಅಂಕಣದ ಹೊರಗೆ ದಾರಿಯಲ್ಲಿ ಹೋಗುವವನ ಕಾಲು ಹಿಡಿದರೆ ಅದನ್ನು ಆಟ ಅನ್ನುತ್ತಾರಾ? ಇಷ್ಟು ಹೇಳಿದರೆ ನಿಮ್ಮ ಹುಡುಗರಿಗೆ ಅರ್ಥವಾಗುತ್ತದೆ.

ಒಬ್ಬ ತಂದೆಯ ಪ್ರತಿಕ್ರಿಯೆ: ಇದೆಲ್ಲ ನೋಡಿದರೆ ಹುಟ್ಟಿದ ಗಂಡು ಮಕ್ಕಳೆಲ್ಲ ಅಪರಾಧಿಗಳು ಅನ್ನುವ ಹಾಗಿದೆ. ಗಂಡು ಮಕ್ಕಳ ಮೇಲೆ ಆಗುವ ದೌರ್ಜನ್ಯದ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಉತ್ತರ: ಎರಡನೇ ಮಾತು ನೂರಕ್ಕೆ ನೂರು ಸರಿ ಸರ್. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 53.22% ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡು ಮಕ್ಕಳು. 2012ರ ಪೋಕ್ಸೋ ಕಾಯ್ದೆ ಗಂಡು ಹೆಣ್ಣು ಅಂತ ಭೇದ ಮಾಡದೆ ಎಲ್ಲ ಮಕ್ಕಳನ್ನೂ ರಕ್ಷಿಸುತ್ತದೆ. ಆದರೂ ಹುಡುಗರು ಹೇಳಿಕೊಳ್ಳುವುದಿಲ್ಲ. "ಗಂಡಸಾಗಿ ಅಳ್ತೀಯಾ" ಅಂತ ಕೇಳಿ ಬೆಳೆದಿರುತ್ತಾರೆ. ಮೇಲೆ ಪಿ.ಟಿ. ಸರ್ ಹೇಳಿದ ಬಳೆ ಮಾತಿನಿಂದ ನಷ್ಟ ಹುಡುಗಿಯರಿಗಷ್ಟೇ ಅಲ್ಲ.

ಮೊದಲನೇ ಮಾತು ಒಪ್ಪುವುದಿಲ್ಲ. ಹುಡುಗರನ್ನು ಆರೋಪಿಗಳ ತರ ಸಾಲಾಗಿ ಕೂರಿಸಿ ಪಾಠ ಹೇಳುವುದಕ್ಕೆ ನಾನೂ ವಿರೋಧಿಯೇ. ಅವರು ಗೆಳೆಯರು, ತಂಡದವರು, ಅಣ್ಣಂದಿರು. ಅವರ ಸಹಾಯ ಬೇಕು ಅಂತ ಕೇಳುತ್ತಿದ್ದೇವೆ. ಯಾಕೆ ಬೇಕು ಅಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಹೇಳದೆ ಹೊರಗೆ ಹೋದರೆ, ಅಡುಗೆ ಸರಿ ಮಾಡದಿದ್ದರೆ, ಎದುರು ಮಾತಾಡಿದರೆ, ಹೀಗೆ ಏಳು ಕಾರಣ ಕೊಟ್ಟು, ಗಂಡ ಹೆಂಡತಿಗೆ ಹೊಡೆಯುವುದು ಸರಿಯಾ ಅಂತ ಕೇಳಿದ್ದರು. ಒಂದು ಕಾರಣಕ್ಕಾದರೂ ಸರಿ ಅಂದ ಗಂಡಸರು ನಮ್ಮ ಕರ್ನಾಟಕದಲ್ಲಿ 81.9%. ಹೆಂಗಸರೂ ಕಡಿಮೆಯೇನಲ್ಲ, 76.9%. ನಮ್ಮ ಹುಡುಗರು ಊಟಕ್ಕೆ ಕೂರುವುದು ಇವರ ಜೊತೆಯೇ.

ಪ್ರಶ್ನೆ (ಹೆಸರು ಬೇಡ ಅಂದವರು): ಅಕ್ಕಾ, ನಾನು ಸೆಕೆಂಡ್ ಪಿಯು. ಒಂದು ವರ್ಷದಿಂದ ಒಬ್ಬಳನ್ನ ಲವ್ ಮಾಡ್ತಿದ್ದೆ. ಇನ್‌ಸ್ಟಾ ಪಾಸ್‌ವರ್ಡ್ ಕೇಳಿದೆ, ಮೊದಲು ಕೊಟ್ಟಳು, ಈಗ ಬದಲಾಯಿಸಿದ್ದಾಳೆ. ಬೇರೆ ಹುಡುಗರಿಗೆ ಲೈಕ್ ಕೊಟ್ರೆ ನಂಗೆ ತಲೆ ಕೆಡುತ್ತೆ. ಜಗಳ ಆಯ್ತು. ಬ್ರೇಕಪ್ ಅಂದಳು, ಬ್ಲಾಕ್ ಮಾಡಿದಳು. ದಿನಾ ಅವಳ ಟ್ಯೂಷನ್ ಹತ್ರ ಹೋಗಿ ನಿಲ್ತೀನಿ. ಒಂದ್ಸಲ ಮಾತಾಡಿದ್ರೆ ಸರಿಯಾಗುತ್ತೆ ಅನ್ಸುತ್ತೆ. ಕೈ ಕುಯ್ಕೊಂಡು ಫೋಟೋ ಕಳಿಸು ಅಂತ ಫ್ರೆಂಡ್ ಹೇಳ್ತಾನೆ. ನಂಗೆ ನಿಜವಾಗ್ಲೂ ಅವಳಂದ್ರೆ ಪ್ರಾಣ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು ಕಣಪ್ಪ. ನಿನಗೆ ಆಗುತ್ತಿರುವ ನೋವು ನಿಜ, ಅದನ್ನು ಸಣ್ಣದು ಮಾಡುವುದಿಲ್ಲ. ಮೊದಲು ಕೈ ವಿಷಯ. ಗಾಯ ಮಾಡಿಕೊಳ್ಳಬೇಕು ಅಂತ ನಿನಗೇ ಅನ್ನಿಸುತ್ತಿದ್ದರೆ ಈಗಲೇ 14416ಕ್ಕೆ ಫೋನ್ ಮಾಡು. ಅದು ಟೆಲಿ ಮನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ನಿನಗೆ ಹತ್ತಿರದವರು ಯಾರಿದ್ದಾರೋ ಅವರಿಗೂ ಇವತ್ತೇ ಹೇಳು. ಅವಳನ್ನು ಹೆದರಿಸಲು ಕೈ ಕುಯ್ದುಕೊಳ್ಳುವುದಾದರೆ, ಅದು ಅವಳಿಗೆ ಹಾಕುವ ಬೆದರಿಕೆ. ಅದನ್ನು ಹೇಳಿಕೊಟ್ಟ ಫ್ರೆಂಡ್ ಮಾತು ಕೇಳಬೇಡ.

ಈಗ ಅವಳ ಕಡೆಯಿಂದ ನೋಡು. ಸಂಜೆ ಟ್ಯೂಷನ್ ಮುಗಿಸಿ ಮೆಟ್ಟಿಲು ಇಳಿಯುತ್ತಾಳೆ. ಇಳಿಯುವ ಮುಂಚೆ ಕಿಟಕಿಯಲ್ಲಿ ಬಗ್ಗಿ, ನೀನು ನಿಂತಿದ್ದೀಯಾ ಅಂತ ನೋಡುತ್ತಾಳೆ. ನಿಂತಿದ್ದರೆ ಗೆಳತಿಗೆ "ಸ್ವಲ್ಪ ಜೊತೆಗೆ ಬಾರೇ" ಅನ್ನುತ್ತಾಳೆ. ಅವಳು ನಿನಗೆ ಹೆದರುತ್ತಿದ್ದಾಳೆ. ಪ್ರಾಣ ಅಂತೀಯಲ್ಲ, ಅವಳು ಹೀಗೆ ಹೆದರಬೇಕಾ?

ಸಿನಿಮಾದಲ್ಲಿ ಹೀರೋ ಹಿಂದೆ ಬಿದ್ದೂ ಬಿದ್ದೂ ಕೊನೆಗೆ ಹುಡುಗಿ ನಗುತ್ತಾಳೆ. ಹೊರಗೆ ಅದರ ಹೆಸರು ಹಿಂಬಾಲಿಸುವಿಕೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂದೆ ಹೋಗುವುದು, ಸಂಪರ್ಕಿಸಲು ನೋಡುವುದು ಅದರಲ್ಲಿ ಬರುತ್ತದೆ. ಅವಳು ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾಳೆ ಅಂತ ಕಣ್ಣಿಡುವುದೂ ಬರುತ್ತದೆ. ಮೊದಲ ಸಲಕ್ಕೇ 3 ವರ್ಷದವರೆಗೆ ಶಿಕ್ಷೆ ಆಗಬಹುದು. ಬ್ಲಾಕ್ ಮಾಡಿದ್ದಕ್ಕಿಂತ ಸ್ಪಷ್ಟವಾಗಿ ಅವಳು ಇನ್ನು ಹೇಗೆ ಹೇಳಬೇಕು?

ನಾಳೆಯಿಂದ ಆ ರಸ್ತೆಗೆ ಹೋಗಬೇಡ. ಕ್ಷಮೆ ಕೇಳುವುದಕ್ಕೂ ಬೇಡ. ಗೆಳೆಯರ ಕೈಲಿ ಚೀಟಿ, ಬೇರೆ ನಂಬರಿಂದ ಮೆಸೇಜ್, ಏನೂ ಬೇಡ. ನಿನ್ನ ಹತ್ತಿರ ಅವಳ ಫೋಟೋ ಇದ್ದರೆ ಯಾರಿಗೂ ತೋರಿಸಬೇಡ. ಸಂಜೆ ಟ್ಯೂಷನ್ ಬಿಡುವ ಹೊತ್ತೇ ನಿನಗೆ ಕಷ್ಟದ ಹೊತ್ತು. ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೋ: ಜಿಮ್ಮೋ, ಗ್ರೌಂಡೋ, ಅಂಗಡಿಯಲ್ಲಿ ಅಪ್ಪನಿಗೆ ಸಹಾಯವೋ. ಪಾಸ್‌ವರ್ಡ್ ಕೇಳುವಾಗ ಎದೆಯಲ್ಲಿ ಏನಾಗುತ್ತಿತ್ತು ಅನ್ನುವುದರ ಬಗ್ಗೆ ಮಾತಾಡೋಣ. ಇನ್‌ಬಾಕ್ಸಿಗೆ ಬಾ. ಅದು ಸರಿಹೋಗದಿದ್ದರೆ ಮುಂದಿನ ಹುಡುಗಿಯ ಹತ್ತಿರವೂ ಇದೇ ಆಗುತ್ತದೆ.

ಪ್ರಶ್ನೆ (ಪಿಯು ಉಪನ್ಯಾಸಕಿ, ಹಾಸನ): ಒಬ್ಬ ಹುಡುಗ ಬಂದು "ಮೇಡಂ, ಯಾರಿಗೂ ಹೇಳಲ್ಲ ಅಂದ್ರೆ ಒಂದು ವಿಷಯ ಹೇಳ್ತೀನಿ" ಅಂತಾನೆ. ಮಾತು ಕೊಡಬಹುದಾ?

ಉತ್ತರ: ಕೊಡಬೇಡಿ. "ನಿನಗಾಗಲಿ ಬೇರೆಯವರಿಗಾಗಲಿ ಅಪಾಯ ಇರುವ ವಿಷಯವಾದರೆ ನಾನು ಹೇಳಲೇಬೇಕಾಗುತ್ತೆ. ಆದರೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ನಿನಗೆ ತಿಳಿಸಿಯೇ ಹೇಳ್ತೀನಿ" ಅನ್ನಿ. ಬಹಳ ಮಕ್ಕಳು ಇಷ್ಟು ಕೇಳಿದ ಮೇಲೂ ಹೇಳುತ್ತಾರೆ. ಪೋಕ್ಸೋದ 19ನೇ ಕಲಂ ಪ್ರಕಾರ, 18ರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಶಿಕ್ಷೆ ಇದೆ, ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. "ಕಾಲೇಜಿನ ಹೆಸರು ಹಾಳಾಗುತ್ತೆ, ಒಳಗೇ ಮುಗಿಸೋಣ" ಅನ್ನುವ ಪ್ರಾಂಶುಪಾಲರಿಗೆ ಈ ಕಲಂ ತೋರಿಸಿ. ಮಗುವಿನ ಹೆಸರು ಮಾತ್ರ ಸ್ಟಾಫ್ ರೂಮಿಗೆ ಹೋಗಬಾರದು.

ಅದೇ ಉಪನ್ಯಾಸಕಿ: ವರ್ಷಕ್ಕೊಮ್ಮೆ ಪೊಲೀಸರನ್ನು ಕರೆಸಿ ಪೋಕ್ಸೋ ಬಗ್ಗೆ ಭಾಷಣ ಮಾಡಿಸುತ್ತೇವೆ. ಅದು ಸಾಲದಾ?

ಉತ್ತರ: ಮಾಡಿಸಿ, ಕಾನೂನು ಗೊತ್ತಿರಬೇಕು. 18 ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ ಅನ್ನುವುದೇ ಬಹಳ ಹುಡುಗರಿಗೆ ಗೊತ್ತಿಲ್ಲ. ಆದರೆ ಭಾಷಣ ಕೇಳಿ ಹೊರಗೆ ಬಂದ ಹುಡುಗರು ಮಾತಾಡುವುದನ್ನು ಕೇಳಿದ್ದೀರಾ? "ಸಿಕ್ಕಿಹಾಕ್ಕೊಂಡ್ರೆ ಕಷ್ಟ ಮಗಾ." ಆ ಹುಡುಗಿಯ ಮಾತೇ ಇರುವುದಿಲ್ಲ. ಭಾಷಣದ ಮಾರನೇ ದಿನ ನೀವೇ ಅರ್ಧ ಪೀರಿಯಡ್ ತೆಗೆದುಕೊಂಡು ಅವರ ಪ್ರಶ್ನೆ ಕೇಳಿ. ಚೀಟಿಯಲ್ಲಿ ಹೆಸರಿಲ್ಲದೆ ಬರೆಸಿ.

ಪ್ರಶ್ನೆ (ಒಬ್ಬ ಅಜ್ಜಿ, ಮೈಸೂರು): ಮೊಮ್ಮಗನಿಗೆ ಆರು ವರ್ಷ. ಪಕ್ಕದ ಮನೆ ಹುಡುಗಿಯ ಜಡೆ ಎಳೀತಾನೆ. ಅವಳು ಅಳ್ತಾಳೆ. "ಅವನಿಗೆ ನೀನಂದ್ರೆ ಇಷ್ಟ ಕಣೇ, ಅದಕ್ಕೆ" ಅಂತ ನಾವೆಲ್ಲ ನಗ್ತೀವಿ. ಇಷ್ಟು ಚಿಕ್ಕವನಿಗೆ ಇದೆಲ್ಲ ಬೇಕಾ ಅಮ್ಮಾ?

ಉತ್ತರ: ಅಜ್ಜಿ, ಅವನಿಗೆ ಏನೂ ಪಾಠ ಬೇಡ. "ಅವಳಿಗೆ ನೋವಾಯ್ತು, ಬಿಡು" ಅಂದರೆ ಸಾಕು. ಬಿಡದಿದ್ದರೆ ಆವತ್ತಿನ ಆಟ ಮುಗೀತು. ಅವಳಿಗೆ ಮಾತ್ರ "ಇಷ್ಟ ಕಣೇ" ಅನ್ನಬೇಡಿ. ಅವನ ಕೆನ್ನೆಯನ್ನೂ ಅವನು ಬೇಡ ಅಂದಾಗ ಹಿಂಡಬೇಡಿ, ನೆಂಟರು ಬಂದಾಗಲೂ.

ದೈಹಿಕ ಶಿಕ್ಷಕರು, ಗದಗ (ಮತ್ತೆ): ಮೇಡಂ, ಇವತ್ತು ಬಸ್ ಸ್ಟ್ಯಾಂಡಿನ ಪ್ರಶ್ನೆ ಕೇಳಿದೆ. ನೀವು ಹೇಳಿದಂಗೇ ಒಬ್ಬ "ಹೊಡೀತೀವ್ರಿ" ಅಂದ. ಆಮೇಲೆ ನಮ್ಮ ಒಳ್ಳೆ ರೈಡರ್ ಒಬ್ಬ "ಸರ್, ಹುಡುಗಿ ಬ್ಯಾಡ ಅಂದ್ರ ಒಳಗ ಹೂಂ ಅಂತ ಇರ್ತೈತಂತಲ್ರಿ?" ಅಂದ. ಎಲ್ಲರೂ ನಕ್ಕರು. ನನಗೆ ಏನು ಹೇಳಬೇಕು ತಿಳೀಲಿಲ್ಲ, ಓಡಿಸಾಕ ಹಚ್ಚಿದೆ.

ಉತ್ತರ: ಮೊದಲ ದಿನವೇ ಇಂಥ ಪ್ರಶ್ನೆ ನಿಮ್ಮ ಎದುರು ಬಂತು ಅಂದರೆ ನಿಮ್ಮನ್ನು ನಂಬುತ್ತಾರೆ ಅಂತ ಲೆಕ್ಕ. ಅವನನ್ನು ಬೈಯಬೇಡಿ, ಎಲ್ಲೋ ಕೇಳಿದ್ದನ್ನು ಹೇಳಿದ್ದಾನೆ. ಮುಂದಿನ ವಾರ ಅವನ ಪ್ರಶ್ನೆಯಿಂದಲೇ ಶುರು ಮಾಡಿ. "ಹೋದ ವಾರ ಇವನು ಒಳ್ಳೆ ಪ್ರಶ್ನೆ ಕೇಳಿದ" ಅನ್ನಿ. "ಒಳಗೆ ಏನಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ? ಬೇಡ ಅಂದರೆ ಬೇಡ ಅಂತ ಲೆಕ್ಕ. ಸುಮ್ಮನಿದ್ದರೂ ಬೇಡ ಅಂತಲೇ ಲೆಕ್ಕ. ನಿಜವಾಗಿ ಅವಳಿಗೆ ಇಷ್ಟ ಇದ್ದರೆ ಅವಳೇ ಹೇಳ್ತಾಳೆ, ನಿನಗೇನು ಅವಸರ?" ಇಷ್ಟೇ ಹೇಳಿ. ಆಗಲೂ ನಗುತ್ತಾರೆ, ನಗಲಿ. ಯಾರು ನಗುತ್ತಿಲ್ಲ ಅಂತ ನೋಡಿಕೊಳ್ಳಿ, ಅದರ ಮುಂದಿನ ವಾರ ಅವನನ್ನು ಮೊದಲು ಮಾತಾಡಿಸಿ.

ಒಬ್ಬ ಸದಸ್ಯರು: ನಮ್ಮ ತಾಲ್ಲೂಕಿನಲ್ಲಿ ಕೌನ್ಸೆಲರ್ ಯಾರೂ ಇಲ್ಲ. ಮಗನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಉತ್ತರ: ತಾಲ್ಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಯಾವ ದಿನ ಇರುತ್ತದೆ ಅಂತ ಕೇಳಿ. ಅದು ಹದಿಹರೆಯದವರಿಗೇ ಅಂತ ಇರುವ ಸರ್ಕಾರಿ ಕ್ಲಿನಿಕ್, ಗಂಡು ಮಕ್ಕಳಿಗೂ ಇದೆ. ಅವನು ಒಳಗೆ ಒಬ್ಬನೇ ಮಾತಾಡಲಿ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಅಲ್ಲಿಯವರೆಗೆ 14416 ಇದ್ದೇ ಇದೆ. ಯಾರಾದರೂ ಮಗುವಿಗೆ ಅಪಾಯ ಇದ್ದರೆ 1098, ತುರ್ತು ಇದ್ದರೆ 112.